ನೀರು ತಿಳಿಯಾಗುವ ಹೊತ್ತು

ಆಶ್ವೀಜ ಮಾಸ ಬಂತೆಂದರೆ ತುಂಗಭದ್ರಾ ಜಲಾಶಯ ನೋಡಲು ಹೊಸಪೇಟೆಗೆ ಬರುವವರ ಸಂಖ್ಯೆ ಏರುತ್ತದೆ. ದಸರಾ ರಜೆಯ ಮಕ್ಕಳನ್ನು ಕರೆದುಕೊಂಡು ಬಂದವರು ಅಣೆಕಟ್ಟೆಯ ಬಳಿ ನಿಂತು ನೋಡುತ್ತಾರೆ. ಒಳ್ಳೆಯ ಮಳೆಯಾದ ವರ್ಷ ಕಣ್ಣು ಹಾಯಿಸಿದಷ್ಟು ದೂರವೂ ನೀರು. ಇಷ್ಟು ನೀರಿದ್ದ ಮೇಲೆ ಮೀನಿಗೇನು ಬರ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಅದೇ ಬೆಳಿಗ್ಗೆ ಹರಿಗೋಲಿನಿಂದ ಇಳಿದ ಮೀನುಗಾರನ ಬುಟ್ಟಿ ಅರ್ಧವೂ ತುಂಬಿರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಜಲಾಶಯ ಬತ್ತಿ ದಡದ ಮಣ್ಣು ಬಿರುಕು ಬಿಟ್ಟಿರುವಾಗ ಅದೇ ಬಲೆಗೆ ಇದಕ್ಕಿಂತ ಹೆಚ್ಚು ಮೀನು ಬೀಳುತ್ತದೆ.

ಕಾರಣ ಸರಳ ಗಣಿತದಲ್ಲಿದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಆ ಮಟ್ಟದಲ್ಲಿ ನೀರು ಹರಡುವ ವಿಸ್ತಾರ ಸುಮಾರು 378 ಚದರ ಕಿಲೋಮೀಟರ್. 1953ರಲ್ಲಿ ನೀರು ನಿಲ್ಲಿಸಲು ತೊಡಗಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ವಿದ್ಯಾರ್ಥಿಗಳು ಇಷ್ಟನ್ನು ಇಟ್ಟುಕೊಂಡು ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಲಿ. ಸರಾಸರಿ ಆಳ ಸುಮಾರು 8 ಮೀಟರ್ ಬರುತ್ತದೆ. ಅಣೆಕಟ್ಟೆ ಎಷ್ಟೇ ಎತ್ತರವಿದ್ದರೂ ಜಲಾಶಯ ಮಾತ್ರ ಹಂಡೆಯಂತಿಲ್ಲ, ಅಗಲವಾದ ಊಟದ ತಟ್ಟೆಯಂತಿದೆ. ತಟ್ಟೆ ತುಂಬಿದಾಗ ಮೀನು ಅದರ ಉದ್ದಗಲಕ್ಕೂ ಹರಡಿಹೋಗುತ್ತದೆ. ನೀರು ಇಳಿದ ಹಾಗೆಲ್ಲ ಅದೇ ಮೀನು ಒಂದೆಡೆ ಕೂಡುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಬಲೆ ಬೀಸುವುದಕ್ಕೆ ತೋಳಿನ ಬಲ ಸಾಕು. ಶರತ್ಕಾಲದಲ್ಲಿ ಬಲೆ ಬಿಡುವುದಕ್ಕೆ ನೀರನ್ನು ಓದಲು ಬರಬೇಕು.

ಏನನ್ನು ಓದುವುದು? ಈ ಪ್ರಶ್ನೆಗೆ ಪಠ್ಯಪುಸ್ತಕ ಕೊಡುವ ಉತ್ತರ ಚಳಿದೇಶಗಳದ್ದು. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಎಂಬ ಪಾಠ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಆ ದೇಶಗಳ ಆಳವಾದ ಸರೋವರಗಳಲ್ಲಿ ಬೆಚ್ಚನೆಯ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ ಎಂದು ಪದರಗಳಾಗಿ ನಿಲ್ಲುತ್ತದೆ. ಮೇಲಿನ ಆಮ್ಲಜನಕ ಕೆಳಗಿಳಿಯುವುದಿಲ್ಲ. ಶರತ್ಕಾಲದಲ್ಲಿ ಮೇಲ್ಪದರ ತಣ್ಣಗಾಗಿ ಮುಳುಗುತ್ತದೆ, ಗಾಳಿ ಬೀಸುತ್ತದೆ, ಇಡೀ ಸರೋವರ ಮಗುಚಿಕೊಂಡು ಮೇಲಿನಿಂದ ತಳದವರೆಗೆ ಒಂದಾಗುತ್ತದೆ. ಅಲ್ಲಿಯವರೆಗೆ ಒಂದೇ ಆಳದಲ್ಲಿ ಸಿಗುತ್ತಿದ್ದ ಮೀನು ಆಮೇಲೆ ಎಲ್ಲಿ ಬೇಕಾದರೂ ಇರಬಹುದು. ಅಲ್ಲಿನ ಗಾಳಗಾರರು ಆ ಕೆಲವು ವಾರ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವುದೂ ಇದೇ ಉತ್ತರಕ್ಕೆ. ಆದರೆ ತುಂಗಭದ್ರೆಯ ನೀರು 4 ಡಿಗ್ರಿಯನ್ನು ಎಂದೂ ಕಂಡಿಲ್ಲ. ಪುಷ್ಯದ ಚಳಿಯಲ್ಲೂ ಅದು 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹಾಗೆಂದು ಸಾಂದ್ರತೆಯ ಪಾಠ ಇಲ್ಲಿಗೆ ಸಲ್ಲುವುದಿಲ್ಲವೆಂದು ತಿಳಿಯಬಾರದು. 4 ಡಿಗ್ರಿಯಿಂದ 5 ಡಿಗ್ರಿಗೆ ಏರಿದಾಗ ಒಂದು ಘನ ಮೀಟರ್ ನೀರು ಹಗುರವಾಗುವುದು ಸುಮಾರು 8 ಗ್ರಾಂನಷ್ಟು. 29ರಿಂದ 30ಕ್ಕೆ ಏರಿದಾಗ ಸುಮಾರು 300 ಗ್ರಾಂ. ಅಂದರೆ ಬೆಚ್ಚನೆಯ ನೀರಿನಲ್ಲಿ ಒಂದು ಡಿಗ್ರಿಯ ವ್ಯತ್ಯಾಸಕ್ಕೆ 30 ಪಟ್ಟಿಗಿಂತ ಹೆಚ್ಚು ಬೆಲೆ. ಗಾಳಿಯಿಲ್ಲದ ಒಂದು ಬಿಸಿಲಿನ ಮಧ್ಯಾಹ್ನ ಸಾಕು, ಹಿನ್ನೀರಿನ ಮೇಲ್ಮೈಯಲ್ಲಿ ಒಂದು ಹಗುರ ಪದರ ಕಟ್ಟಿಕೊಳ್ಳುತ್ತದೆ. ರಾತ್ರಿ ಅದು ತಣ್ಣಗಾಗಿ ಕೆಳಗಿಳಿದು ಬೆರೆಯುತ್ತದೆ. ಚಳಿದೇಶದ ಸರೋವರ ವರ್ಷಕ್ಕೊಂದೆರಡು ಬಾರಿ ಮಾಡುವ ಕೆಲಸವನ್ನು ಇಲ್ಲಿನ ಆಳವಿಲ್ಲದ ನೀರು ಶರತ್ಕಾಲದ ಒಂದೊಂದು ರಾತ್ರಿಯೂ ಸ್ವಲ್ಪ ಸ್ವಲ್ಪ ಮಾಡುತ್ತಿರುತ್ತದೆ.

ಮನೆಯಲ್ಲೇ ಇದನ್ನು ನೋಡಬಹುದು. ಒಂದೇ ಅಳತೆಯ, ಅಗಲ ಬಾಯಿಯ ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಫ್ರಿಜ್ಜಿನ ತಣ್ಣೀರು, ಇನ್ನೊಂದಕ್ಕೆ ಶಾಯಿ ಬೆರೆಸಿದ ಬೆಚ್ಚನೆಯ ನೀರನ್ನು ಕಂಠಪೂರ್ತಿ ತುಂಬಿಸಿ. ಬೆಚ್ಚನೆಯ ಬಾಟಲಿಯ ಬಾಯಿಗೆ ಗಟ್ಟಿ ರಟ್ಟು ಹಿಡಿದು ತಲೆಕೆಳಗು ಮಾಡಿ ತಣ್ಣೀರಿನ ಬಾಟಲಿಯ ಮೇಲೆ ಕೂರಿಸಿ ರಟ್ಟನ್ನು ಮೆಲ್ಲನೆ ಎಳೆಯಿರಿ. ಬಣ್ಣ ಮೇಲೆಯೇ ನಿಲ್ಲುತ್ತದೆ. ಬಾಟಲಿಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಮಾಡಿದರೆ ಕ್ಷಣದಲ್ಲಿ ಎಲ್ಲವೂ ಬೆರೆತುಹೋಗುತ್ತದೆ. ನೆಲದ ಮೇಲೆ ಒಂದಷ್ಟು ಶಾಯಿ ಚೆಲ್ಲುವುದು ಖಂಡಿತ, ತಾಯಂದಿರು ಮುಂಚೆಯೇ ಹಳೆಯ ಬಟ್ಟೆ ಹಾಸಿಡುವುದು ಒಳ್ಳೆಯದು.

ಆದರೆ ತುಂಗಭದ್ರೆಯ ಶರತ್ಕಾಲವನ್ನು ನಿಜವಾಗಿ ಆಳುವುದು ಉಷ್ಣತೆಗಿಂತ ಹೆಚ್ಚಾಗಿ ಮಣ್ಣು. ಮಳೆಗಾಲದಲ್ಲಿ ಮಲೆನಾಡಿನಿಂದ ಬಯಲಿನವರೆಗೆ ತೊಳೆದುಕೊಂಡು ಬಂದ ಕೆಂಪು ನೀರು ಜಲಾಶಯದಲ್ಲಿ ನಿಲ್ಲುತ್ತದೆ. ಮರಳಿನ ಕಣ ತಡಮಾಡುವುದಿಲ್ಲ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಕಣ 8 ಮೀಟರ್ ಆಳವನ್ನು ಅರ್ಧ ಗಂಟೆಯೊಳಗೆ ಇಳಿದುಬಿಡುತ್ತದೆ. ಜೇಡಿಯ ಕಣದ ಕಥೆ ಬೇರೆ. ಅದರ ಅಡ್ಡಳತೆ ಮರಳಿನ ಕಣದ 50ನೇ ಒಂದು ಭಾಗ ಎಂದಿಟ್ಟುಕೊಂಡರೆ, ಮುಳುಗುವ ವೇಗ ಅಡ್ಡಳತೆಯ ವರ್ಗಕ್ಕೆ ಅನುಗುಣವಾದ್ದರಿಂದ, ಸಾವಿರಾರು ಪಟ್ಟು ನಿಧಾನ. ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮದಂತೆ ಲೆಕ್ಕ ಹಾಕಿದರೆ, ಅಲುಗಾಡದ ನೀರಿನಲ್ಲಿ ಅದು ಅದೇ 8 ಮೀಟರ್ ಇಳಿಯಲು ಸುಮಾರು 3 ವಾರ ಬೇಕು. ಗಾಳಿ ಕದಡುತ್ತಿದ್ದರೆ ಇನ್ನೂ ತಡ.

ಈಗ ಪಂಚಾಂಗ ನೋಡಿ. ನದಿಯ ಪ್ರವಾಹ ಇಳಿಯುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ. ಅಲ್ಲಿಂದ ಮೂರು ವಾರವೆಂದರೆ ದಸರಾ ಕಳೆದು ದೀಪಾವಳಿಯ ಕಡೆಗೆ. ನೀರು ತಿಳಿಯಾಗುವ ಹೊತ್ತು ಅದೇ. ಸ್ಟೋಕ್ಸನ ಹೆಸರು ಕೇಳದ ಬೆಸ್ತರ ಮನೆಗಳಲ್ಲಿ ಈ ಹೊತ್ತು ಗೊತ್ತಿದೆ, ಹುಟ್ಟನ್ನು ನೀರಿಗಿಳಿಸಿ ಅದರ ತುದಿ ಎಷ್ಟು ಆಳದವರೆಗೆ ಕಾಣುತ್ತದೆಂದು ನೋಡಿದರೆ ಆಯಿತು. ಇಟಲಿಯ ಪಾದ್ರಿ ಹಾಗೂ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಮಾಡಿದ್ದು ಹೆಚ್ಚೂಕಡಿಮೆ ಇದನ್ನೇ. ಬಿಳಿಯ ತಟ್ಟೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ಮರೆಯಾಗುವ ಆಳವನ್ನು ಅಳೆದ. ಸರೋವರ ಶಾಸ್ತ್ರದವರು ಇಂದಿಗೂ 20 ಸೆಂಟಿಮೀಟರ್ ಅಗಲದ ಸೆಕ್ಕಿ ತಟ್ಟೆಯನ್ನೇ ಬಳಸುತ್ತಾರೆ. ಊರಿನ ಬಾವಿಯಲ್ಲೋ ಕೆರೆಯ ಮೆಟ್ಟಿಲಲ್ಲೋ, ಹಿರಿಯರು ಜೊತೆಗಿರುವಾಗ, ಬಿಳಿ ಬಣ್ಣ ಬಳಿದ ಡಬ್ಬದ ಮುಚ್ಚಳಕ್ಕೆ ಕಲ್ಲು ಕಟ್ಟಿ ವಿದ್ಯಾರ್ಥಿಗಳೂ ವಾರಕ್ಕೊಮ್ಮೆ ಅಳೆದು ಬರೆದಿಡಬಹುದು. ಎರಡು ತಿಂಗಳಿನ ಅಂಕಿಗಳು ಒಂದು ಒಳ್ಳೆಯ ನಕ್ಷೆಯಾಗುತ್ತವೆ.

ನೀರು ತಿಳಿಯಾದರೆ ಬಿಸಿಲು ಒಳಗಿಳಿಯುತ್ತದೆ. ಬಿಸಿಲು ಇಳಿದರೆ ಕಣ್ಣಿಗೆ ಕಾಣದ ಹಸಿರು ಪಾಚಿಗಳು ದ್ಯುತಿಸಂಶ್ಲೇಷಣೆ ನಡೆಸಿ ವೃದ್ಧಿಯಾಗುತ್ತವೆ. ಅವನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳು ಅವುಗಳ ಹಿಂದೆಯೇ ಹೆಚ್ಚುತ್ತವೆ. ನೀರಿನಲ್ಲಿ ತೇಲುವ ಈ ಎರಡು ಬಗೆಯ ಜೀವಿಗಳಿಗೂ ಪ್ಲವಕ ಎಂದು ಹೆಸರು. ಕಾಟ್ಲಾ ಮೀನು ಬಾಯಿ ಮೇಲಕ್ಕೆತ್ತಿಕೊಂಡು ಮೇಲ್ಪದರದ ಪ್ಲವಕವನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ ಕೊಳೆತ ಎಲೆ, ಕೆಸರಿನಲ್ಲಿ ಆಹಾರ ಹುಡುಕುತ್ತದೆ. ಹೀಗೆ ಒಂದೇ ನೀರಿನಲ್ಲಿ ಮೂರು ಅಂತಸ್ತು. ಕಾಟ್ಲಾ ಬೇಕೆಂದವನು ಬೆಂಡು ಹೆಚ್ಚಿಸಿ ಬಲೆಯನ್ನು ತೇಲಿಸುತ್ತಾನೆ, ಮೃಗಾಲ್ ಬೇಕೆಂದವನು ಕಲ್ಲಿನ ಭಾರ ಹೆಚ್ಚಿಸಿ ತಳಕ್ಕೆ ಇಳಿಸುತ್ತಾನೆ. ಇತ್ತ ದಡದ ಜೊಂಡಿನಲ್ಲಿ, ಮುಳುಗಿದ ಜಾಲಿಗಿಡಗಳ ನಡುವೆ ಕೊರವ ಮೀನು ಸಣ್ಣ ಮೀನುಗಳಿಗಾಗಿ ಹೊಂಚು ಹಾಕಿರುತ್ತದೆ. ಬಾಳೆಮೀನು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ.

ಆಮ್ಲಜನಕದ ಲೆಕ್ಕವೂ ಇಲ್ಲಿ ಸೇರುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕವಿದ್ದರೆ, 30 ಡಿಗ್ರಿಯ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳಬಲ್ಲದ್ದು 7.6 ಮಿಲಿಗ್ರಾಂ ಮಾತ್ರ. 25 ಡಿಗ್ರಿಗೆ ಇಳಿದರೆ 8.3. ಇದು ಅಲ್ಪವೆಂದು ಕಂಡರೂ ತಣ್ಣಗಾದ ನೀರಿನಲ್ಲಿ ಮೀನಿಗೆ ಬೇಕಾಗುವ ಉಸಿರೂ ಕಡಿಮೆ, ಆದ್ದರಿಂದ ಲಾಭ ಎರಡು ಕಡೆಯಿಂದ. ಹಗಲೆಲ್ಲ ಆಮ್ಲಜನಕ ಕೊಟ್ಟ ಪಾಚಿ ರಾತ್ರಿ ತಾನೂ ಅದನ್ನು ಬಳಸುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಎರಡು ಮೂರು ದಿನ ಮೋಡ ಕವಿದು ಗಾಳಿಯೂ ನಿಂತರೆ, ಪಾಚಿ ದಟ್ಟವಾದ ಕೊಲ್ಲಿಗಳಲ್ಲಿ ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದುಂಟು. ಇತ್ತೀಚಿನ ವರ್ಷಗಳಲ್ಲಿ ಹಿನ್ನೀರು ಹಸಿರು ಬಣ್ಣ ಕದಡಿದಂತಾದ ಸುದ್ದಿಗಳು ಬಂದಿವೆ. ಹೊಲದ ಗೊಬ್ಬರ, ಊರಿನ ಚರಂಡಿ ನೀರಿಗಿಳಿದಷ್ಟೂ ಪಾಚಿ ಕೊಬ್ಬುತ್ತದೆ. ಮೀನಿಗೆ ಅದು ಮೊದಲು ಊಟ, ಮಿತಿ ಮೀರಿದರೆ ಉಸಿರುಗಟ್ಟು.

ಇನ್ನು ಗಾಳಿ. ಇದನ್ನು ಅರಿಯದವನು ಹರಿಗೋಲು ಹತ್ತಲೇಬಾರದು. ಜಲಾಶಯ ನೈರುತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ, ಅಣೆಕಟ್ಟೆ ಇರುವುದು ಈಶಾನ್ಯದ ತುದಿಯಲ್ಲಿ. ಮುಂಗಾರಿನಲ್ಲಿ ನೈರುತ್ಯದ ಗಾಳಿ ಈ ಉದ್ದಕ್ಕೇ ಬೀಸುತ್ತದೆ. ಗಾಳಿಗೆ ತಡೆಯಿಲ್ಲದೆ ಓಡಲು ನೀರಿನ ಹರವು ಹೆಚ್ಚಿದಷ್ಟೂ ಅಲೆ ಎತ್ತರವಾಗುವುದರಿಂದ ಅಣೆಕಟ್ಟೆಯ ಬಳಿ ಸಮುದ್ರದಂತಹ ಅಲೆ ಏಳುತ್ತದೆ. ಅಕ್ಟೋಬರ್ ಹೊತ್ತಿಗೆ ಮುಂಗಾರು ಹಿಂದಿರುಗಿ ಮೂಡಣ, ಈಶಾನ್ಯದ ಗಾಳಿ ತೊಡಗುತ್ತದೆ. ಈಗ ಮೇಲ್ನೀರಿನ ಪ್ಲವಕ ಅಣೆಕಟ್ಟೆಯ ಕಡೆಯಿಂದ ಹಿನ್ನೀರಿನ ಕಡೆಗೆ ತಳ್ಳಲ್ಪಡುತ್ತದೆ. ಗಾಳಿ ಹೋಗಿ ಬಡಿಯುವ ದಡದಲ್ಲಿ ಮೀನಿನ ಊಟ ಗುಡ್ಡೆಯಾಗುತ್ತದೆ, ಮೀನೂ ಅಲ್ಲಿಗೇ ಬರುತ್ತದೆ. ಆಗಸ್ಟಿನಲ್ಲಿ ಬಲೆ ಬಿಟ್ಟ ಜಾಗದಲ್ಲೇ ನವೆಂಬರಿನಲ್ಲೂ ಬಿಡುವವನಿಗೆ ಬರಿಗೈ ಆಗುವುದು ಇದರಿಂದ.

ಹಾಗೆಂದು ಗಾಳಿ ಬಡಿಯುವ ದಡಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗುವುದೂ ಅಪಾಯ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತೆ ಗುಂಡಗಿರುವ, ತೊಗಲು ಹೊದಿಸಿದ, ನೀರಿನಲ್ಲಿ ತಿರುಗುತ್ತಲೇ ಸಾಗುವ ದೋಣಿಗಳನ್ನು ಕಂಡು ಬರೆದಿದ್ದಾನೆ. ಇಂದಿನ ಹರಿಗೋಲಿನಲ್ಲಿ ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ, ಆಕಾರ ಮಾತ್ರ ಅದೇ. ನದಿಯನ್ನು ದಾಟಲು ಇದಕ್ಕಿಂತ ಜಾಣ ದೋಣಿ ಇಲ್ಲ, ತಳ ಚಪ್ಪಟೆ, ಬಂಡೆಗೆ ತಾಗಿದರೂ ಜಾರಿಕೊಳ್ಳುತ್ತದೆ. ಆದರೆ ವಿಶಾಲ ಜಲಾಶಯದ ಅಲೆಗೆ ಅದರ ಅಂಚು ತಗ್ಗು. ಸಂಜೆ ಗಾಳಿ ಎದ್ದರೆ ಬಲೆಯನ್ನು ಅಲ್ಲೇ ಬಿಟ್ಟು ದಡ ಸೇರುವುದು ಬುದ್ಧಿವಂತಿಕೆ. ಆದರೆ ಬಲೆಯೆಂದರೆ ಸಾಲದ ಹಣ. ಮೀನುಗಾರನ ಜೀವ ಹೋಗುವುದು ಅನೇಕ ಸಲ ಈ ಎರಡರ ನಡುವೆ ಯೋಚಿಸುತ್ತ ನಿಂತಾಗ. ತೇಲುಜಾಕೀಟು ಕೊಟ್ಟರೂ ಅದು ಮನೆಯ ಗೂಟದಲ್ಲಿ ನೇತಾಡುತ್ತಿದ್ದರೆ ಪ್ರಯೋಜನವಿಲ್ಲ, ಅದನ್ನು ಹಾಕಿಸುವ ಕೆಲಸ ಶಾಲೆಗೆ ಹೋಗುವ ಮಗಳಿಂದಲೇ ಆಗಬೇಕೇನೋ.

ಬೆಳದಿಂಗಳಿನ ವಿಚಾರ ಶರತ್ಕಾಲಕ್ಕೇ ವಿಶೇಷ. ಮಳೆಗಾಲದ ಕೆಂಪು ನೀರಿನಲ್ಲಿ ಮೀನಿಗೆ ಬಲೆ ಹೇಗೂ ಕಾಣದು. ನೀರು ತಿಳಿಯಾಗಿ, ಆಕಾಶವೂ ತಿಳಿಯಾಗಿ ಶೀಗಿ ಹುಣ್ಣಿಮೆಯ ಚಂದ್ರ ರಾತ್ರಿಯಿಡೀ ಬೆಳಗುತ್ತಿದ್ದರೆ ಮೀನು ಬಲೆಯನ್ನು ನೋಡಿ ತಿರುಗಿಕೊಳ್ಳುತ್ತದೆ. ಬಲೆ ಹಗುರವಾಗಿ ಮೇಲೆ ಬರುತ್ತದೆ. ಹುಣ್ಣಿಮೆಯಾದ ಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ, ಐದು ದಿನಕ್ಕೆ ರಾತ್ರಿ 10ರ ಸುಮಾರಿನವರೆಗೂ ಕತ್ತಲು ಸಿಗುತ್ತದೆ. ಅಷ್ಟರೊಳಗೆ ಒಂದು ಸುತ್ತು ಬಲೆ ಬಿಟ್ಟು ಎತ್ತಬಹುದು. ದೀಪಾವಳಿ ಅಮಾವಾಸ್ಯೆಯ ಆಚೀಚೆಯ ರಾತ್ರಿಗಳಲ್ಲಿ ಸಂಜೆ ಬಿಟ್ಟ ಬಲೆಯನ್ನು ಬೆಳಗಿನ ಜಾವ ಎತ್ತಿದರೆ ಸಾಕು. ನೈಲಾನ್ ಎಳೆ ಸಣ್ಣದೂ ಪಾರದರ್ಶಕವೂ ಆದ ಬಲೆಗಳು ಬಂದ ಮೇಲೆ ಈ ವ್ಯತ್ಯಾಸ ಕಡಿಮೆಯಾಗಿದೆ, ಆದರೆ ಅಳಿದಿಲ್ಲ.

ರಜೆಯಲ್ಲಿ ಗಾಳ ಹಿಡಿದು ಹೊರಡುವ ಹುಡುಗರಿಗೂ ಇದೇ ಸೂತ್ರಗಳು. ಬೆಳಿಗ್ಗೆ, ಸಂಜೆ ದಡದ ಹತ್ತಿರ, ಬಿಸಿಲೇರಿದ ಮೇಲೆ ಸ್ವಲ್ಪ ಆಳಕ್ಕೆ. ಹಿಂಗಾರಿನ ಒಂದು ಮಳೆ ಬಿದ್ದು ಹಳ್ಳದ ಕೆಂಪು ನೀರು ತಿಳಿನೀರಿಗೆ ಸೇರುವ ಗೆರೆಯಲ್ಲಿ ಎರೆಹುಳು ಸಿಕ್ಕಿಸಿ ಬಿಟ್ಟರೆ ನಿರಾಸೆಯಾಗುವುದು ಕಡಿಮೆ, ಹಳ್ಳ ತೊಳೆದು ತಂದ ಹುಳುಹುಪ್ಪಟೆಗೆ ಮೀನು ಅಲ್ಲಿ ಕಾದಿರುತ್ತದೆ. ಗೆಂಡೆ ಜಾತಿಗೆ ಶೇಂಗಾ ಹಿಂಡಿ ಬೆರೆಸಿದ ಹಿಟ್ಟಿನ ಉಂಡೆ. ತಂದೆತಾಯಿ ಗಟ್ಟಿಯಾಗಿ ಹೇಳಬೇಕಾದದ್ದು ಒಂದಿದೆ: ಕಾಲುವೆಯಲ್ಲಿ ಗಾಳ ಹಾಕಕೂಡದು. ಸಿಮೆಂಟಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಕಾಲು ಜಾರಿದರೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಇರುವುದಿಲ್ಲ, ನೀರಿನ ಸೆಳೆತಕ್ಕೆ ಈಜು ಬಲ್ಲವನೂ ಸೋಲುತ್ತಾನೆ.

ಕಾಲುವೆಗಳಿಗೆ ನೀರು ಹರಿದಂತೆ ಜಲಾಶಯ ಇಳಿಯತೊಡಗುತ್ತದೆ. ತುಂಬಿದ ಮಟ್ಟದಲ್ಲಿ ಒಂದು ಅಡಿ ನೀರು ಇಳಿದರೆ ಸುಮಾರು 4 ಟಿಎಂಸಿ ಖಾಲಿಯಾದಂತೆ. ಹಿನ್ನೀರಿನ ನೆಲ ಚಪ್ಪಟೆ, ಅಡಿ ಇಳಿದರೆ ದಡ ಎಷ್ಟೋ ದೂರ ಹಿಂದೆ ಸರಿಯುತ್ತದೆ. ನಿನ್ನೆ ಮೀನು ಮೇಯುತ್ತಿದ್ದ ಕಡೆ ಇಂದು ಕೆಸರು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಹತ್ತಾರು ಟಿಎಂಸಿ ನೀರು ನದಿಗೆ ಹೋಯಿತು. ನೀರಿನೊಡನೆ ಮೀನೂ ಕೆಳಗಿಳಿದರೆ ಹಿಂತಿರುಗಿ ಅಣೆಕಟ್ಟೆ ಹತ್ತಲಾರದು. ಸುರಕ್ಷತೆಗಾಗಿ 2025ರ ಮಳೆಗಾಲದಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಿದರು. ಪತ್ರಿಕೆಗಳಲ್ಲಿ ಎರಡನೇ ಬೆಳೆಯ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ ದಡ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಬದುಕುವ ಬಲೆಯವರ ಮಾತು ಅಷ್ಟಾಗಿ ಕೇಳಲಿಲ್ಲ.

ಆಳವಿಲ್ಲದ ಆ ಬೆಚ್ಚನೆಯ ಅಂಚೇ ಮರಿಗಳ ಅಂಗನವಾಡಿ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ಮೀನುಗಳು, ಹರಿಯುವ ನೀರಿನಲ್ಲಿ ಮಾತ್ರ ಮೊಟ್ಟೆಯಿಡುವಂಥವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಎಂಬ ವಿಜ್ಞಾನಿಗಳು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಅವು ಮೊಟ್ಟೆಯಿಡುವಂತೆ ಮಾಡಿದ ಮೇಲೆ ದೇಶದ ಜಲಾಶಯಗಳಿಗೆ ಮರಿ ಬಿತ್ತುವುದು ಸುಲಭವಾಯಿತು. ಮಳೆಗಾಲದಲ್ಲಿ ಹುಟ್ಟಿದ ಮರಿಗಳನ್ನು ಬೆರಳುದ್ದ ಬೆಳೆಸಿ ನೀರಿಗೆ ಬಿಡುವ ಕಾಲವೂ ಹೆಚ್ಚುಕಡಿಮೆ ಇದೇ ಶರತ್ಕಾಲ. ಒಳ್ಳೆಯ ಆಹಾರ ಸಿಕ್ಕರೆ ಇಂತಹ ಮರಿ ವರ್ಷದಲ್ಲಿ ಒಂದು ಕಿಲೋ ಸುಮಾರಿಗೆ ಬರಬಲ್ಲದು.

ದಡದಿಂದ ದಡಕ್ಕೆ ಸುತ್ತಿ ಎಳೆಯುವ ಅಲಿವಿ ಬಲೆಯ ಕಾಟ ಬರುವುದು ಇಲ್ಲಿ. ಅದರ ಕಣ್ಣು ಸೊಳ್ಳೆಪರದೆಯಂತೆ ಸಣ್ಣದು. ಎಂದೂ ದೊಡ್ಡದಾಗದ ಸಣ್ಣ ಜಾತಿಯ ಮೀನುಗಳನ್ನು ಹಿಡಿದು ಒಣಗಿಸುತ್ತೇವೆ, ಅದರಿಂದ ಯಾರಿಗೂ ನಷ್ಟವಿಲ್ಲ ಎಂಬುದು ಎಳೆಯುವವರ ವಾದ. ಸಣ್ಣ ಜಾತಿಗಳ ಮಟ್ಟಿಗೆ ಆ ವಾದ ಸುಳ್ಳಲ್ಲ, ಅವು ಮರಿಗಳ ಊಟಕ್ಕೆ ಪೈಪೋಟಿ ಮಾಡುವುದೂ ಹೌದು. ಆದರೆ ಬಲೆಗೆ ಜಾತಿ ಗೊತ್ತಾಗುವುದಿಲ್ಲ. ನೀರಿನಲ್ಲಿ ನಿಲ್ಲಿಸಿ ಬಿಡುವ ಬಲೆ ಮೀನಿನ ಸುತ್ತಳತೆ ನೋಡಿ ಹಿಡಿಯುತ್ತದೆ: ತಲೆ ತೂರಿ ಮೈ ತೂರದ ಮೀನು ಕಿವಿರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕಿಂತ ಸಣ್ಣದು ಪಾರಾಗುತ್ತದೆ. ಅಲಿವಿಯಲ್ಲಿ ಪಾರಾಗುವ ದಾರಿಯಿಲ್ಲ. ಒಂದು ಕಿಲೋ ಒಣಮೀನಿಗೆ ನಾಲ್ಕು ಕಿಲೋ ಹಸಿ ಮೀನು, ಒಂದೊಂದು 20 ಗ್ರಾಂ ಎಂದಿಟ್ಟುಕೊಂಡರೆ 200 ಮರಿ. ನಾಲ್ಕರಲ್ಲಿ ಒಂದು ಬದುಕಿ ಬೆಳೆದಿದ್ದರೂ ಮುಂದಿನ ವರ್ಷಕ್ಕೆ 50 ಕಿಲೋ. ಬೇಸಿಗೆಯಲ್ಲಿ ಅಲಿವಿ ಎಳೆಯುವ ಬಗ್ಗೆ ಎರಡು ಮಾತಿರಬಹುದು, ಮರಿಗಳು ಅಂಚಿನಲ್ಲಿರುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದನ್ನು ಎಳೆಯುವುದು ಬಿತ್ತನೆಯ ಕಾಳನ್ನು ಹುರಿದು ತಿಂದಂತೆ.

ಸಂತೆಗೆ ಹೋಗುವವರು ಒಣಮೀನಿನ ರಾಶಿಯನ್ನು ಒಮ್ಮೆ ಕೈಯಾಡಿಸಿ ನೋಡಬಹುದು. ಮೈಗೆ ಹೋಲಿಸಿದರೆ ತಲೆ ತೀರ ದೊಡ್ಡದಾಗಿ, ಕೆಳದವಡೆ ಮುಂದೆ ಚಾಚಿ ಬಾಯಿ ಆಕಾಶ ನೋಡುತ್ತಿದ್ದರೆ ಅದು ಕಾಟ್ಲಾ ಮರಿ. ತುಟಿಯ ಅಂಚು ಕುಚ್ಚು ಕಟ್ಟಿದಂತೆ ಸೀಳಿಕೊಂಡಿದ್ದರೆ ರೋಹು. ಒಣಗಿದ ಮೇಲೂ ಈ ಗುರುತುಗಳು ಉಳಿಯುತ್ತವೆ.